ಭೂಮಣ್ಣಿ ಬುಟ್ಟಿಯ ಮೇಲೊಂದು ತೋಳು

ಹೊಸನಗರದ ಸುತ್ತಮುತ್ತಲಿನ ಔಷಧಿ ಅಂಗಡಿಯವರಿಗೆ ಡಾಕ್ಟರ್ ಸೀತಾರಾಮಪ್ಪನವರ ಚೀಟಿಯನ್ನು ಗುರುತಿಸಲು ಸಹಿ ನೋಡಬೇಕಾಗಿರಲಿಲ್ಲ. ಮಾತ್ರೆಯ ಹೆಸರು ಬರೆಯುವ ಮೊದಲು ಅವರು ಚೀಟಿಯ ನಾಲ್ಕು ಬದಿಗೂ ಒಂದೊಂದು ಗೆರೆ ಎಳೆಯುತ್ತಿದ್ದರು. ಎದುರಿಗೆ ಕೂತ ರೋಗಿ ನರಳುತ್ತಿದ್ದರೂ ಸರಿ, ಕೆಮ್ಮುತ್ತಿದ್ದರೂ ಸರಿ, ಗೆರೆ ಮುಗಿಯದೆ ಔಷಧಿ ಇಲ್ಲ. "ನಮ್ಮ ಡಾಕ್ಟ್ರು ಮೊದ್ಲು ಬೇಲಿ ಹಾಕ್ತಾರೆ, ಆಮೇಲೆ ಬಿತ್ತನೆ" ಎಂದು ಜನ ನಗುತ್ತಿದ್ದರು. ಆ ಬೇಲಿ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಅವರು ಕನ್ನಡಕ ಒರೆಸಿಕೊಳ್ಳುತ್ತ ಮಾತು ಬದಲಿಸುತ್ತಿದ್ದರು. ಅದು ಸಾವಿರದ ಒಂಬೈನೂರ ಅರವತ್ತೆಂಟರ ಮಾತು. ಆಗ ಅವರಿಗೆ ಇಪ್ಪತ್ತು ವರ್ಷ, ಮತ್ತು ಅವರಿನ್ನೂ ಡಾಕ್ಟರ್ ಆಗಿರಲಿಲ್ಲ. ಆಗುವುದೇ ಬೇಡ ಎಂದು ಗಟ್ಟಿಯಾಗಿ ತೀರ್ಮಾನಿಸಿ ಊರಿಗೆ ಬಂದಿದ್ದರು.

ಊರಿನ ಹೆಸರು ಮಾವಿನಜಡ್ಡು. ಹೊಸನಗರದಿಂದ ಆರು ಮೈಲಿ. ನಮ್ಮ ಕಡೆ ಜಡ್ಡು ಎಂದರೆ ಹುಲ್ಲು ಬೆಳೆದ ದಿಬ್ಬ. ಆದರೆ ಸೀತಾರಾಮಪ್ಪ ಮೆಡಿಕಲ್ ಕಾಲೇಜಿಗೆ ಸೇರಿದ್ದು ಬಯಲುಸೀಮೆಯ ಊರಿನಲ್ಲಿ. ಅಲ್ಲಿ ಜಡ್ಡು ಎಂದರೆ ಕಾಯಿಲೆ. ಮೊದಲನೆಯ ದಿನ ಹಾಸ್ಟೆಲಿನ ಗುಮಾಸ್ತ ವಿಳಾಸ ಬರೆದುಕೊಳ್ಳುತ್ತ ತಲೆ ಎತ್ತಿ, "ಹೆಸ್ರಿನಾಗೇ ಜಡ್ಡು ಇಟ್ಕೊಂಡು ಬಂದೀಯಲ್ಲೋ, ಇಲ್ಲಿ ಕಲ್ಯಾಕ ಬಂದೀಯೋ, ಗುಣ ಮಾಡ್ಸ್ಕೊಳ್ಳಾಕ ಬಂದೀಯೋ?" ಎಂದು ಕೇಳಿದ್ದ. ಅಂದಿನಿಂದ ಹಾಸ್ಟೆಲಿನಲ್ಲಿ ಅವನು ಜಡ್ಡಿನ ಸೀತಾರಾಮನಾದ.

ಅವನ ಮನೆಯಲ್ಲಿ ಅವನಿಗಿಂತ ಮೊದಲು ನಾಲ್ಕನೇ ಕ್ಲಾಸು ದಾಟಿದವರಿರಲಿಲ್ಲ. ಅಪ್ಪ ಮಾಸ್ತಪ್ಪ ಗೇಣಿಗೆ ಗದ್ದೆ ಮಾಡುವವನು. ಮಗ ಡಾಕ್ಟರ್ ಓದಿಗೆ ಸೇರಿದ ಮೇಲೆ ಮಾಸ್ತಪ್ಪನ ನಡಿಗೆಯೇ ಸ್ವಲ್ಪ ಬದಲಾಗಿತ್ತೆಂದು ಊರವರು ಹೇಳುತ್ತಿದ್ದರು. ಬಸ್ಸು ಹತ್ತಿದ ಕೂಡಲೇ ಕಂಡಕ್ಟರಿಗೆ, "ಇವ ನಮ್ಮ ಹುಡುಗ, ಡಾಕ್ಟ್ರಿಗೆ ಓದ್ತಾನೆ" ಎನ್ನುವುದು, ಕಂಡಕ್ಟರ್ "ಹಂಗಾದ್ರೆ ಡಾಕ್ಟ್ರೇ, ಒಂಚೂರು ಹಿಂದೆ ಸರೀರಿ, ಬಾಗ್ಲಲ್ಲಿ ನಿಲ್ಬೇಡಿ" ಎನ್ನುವುದು, ಸೀತಾರಾಮಪ್ಪ ನಾಚಿಕೆಯಿಂದ ಬೆವರುವುದು, ಇವು ಮೂರೂ ಒಂದರ ಹಿಂದೊಂದು ತಪ್ಪದೆ ನಡೆಯುತ್ತಿದ್ದವು.

ಹುಡುಗ ಓದಿನಲ್ಲಿ ಗಟ್ಟಿ. ತೊಂದರೆಯಿದ್ದುದು ಕೈಯಲ್ಲಿ. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಅಂಗರಚನೆಯ ಪಾಠ ಹೇಳುವ ಮೇಷ್ಟ್ರು ಅವನನ್ನು ಬೋರ್ಡಿನ ಹತ್ತಿರ ಕರೆದು, ಕೈಗೆ ಸೀಮೆಸುಣ್ಣ ಕೊಟ್ಟು, ಕತ್ತಿನಿಂದ ತೋಳಿಗೆ ಇಳಿಯುವ ನರಗಳ ಜಾಲವನ್ನು ಬರೆಯಲು ಹೇಳಿದರು. ಅದು ಮೊದಲ ಪರೀಕ್ಷೆಯಲ್ಲಿ ಬಂದೇ ಬರುವ ಚಿತ್ರ. ಕತ್ತಿನಲ್ಲಿ ಐದು ಬೇರು, ಅವು ಕೂಡಿ ಮೂರು ಕಾಂಡ, ಅವು ಒಡೆದು ಆರು ಕವಲು, ಮತ್ತೆ ಕೂಡಿ ಮೂರು ಹುರಿ, ಕೊನೆಗೆ ತೋಳಿಗೆ ಹೋಗುವ ಐದು ನರ. ಸೀತಾರಾಮಪ್ಪನಿಗೆ ಇದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬಾಯಿಗೆ ಬರುತ್ತಿತ್ತು. ಆದರೆ ಎಂಬತ್ತು ಜನ ಬೆನ್ನಿನ ಹಿಂದೆ ಕೂತಿದ್ದಾರೆ ಎಂಬುದು ನೆನಪಾದದ್ದೇ ಕೈ ನಡುಗತೊಡಗಿತು. ಗೆರೆಗಳು ಬಳುಕಿದವು, ಒಂದರೊಳಗೊಂದು ಹೊಕ್ಕವು. ಮೇಷ್ಟ್ರು ಸ್ವಲ್ಪ ಹೊತ್ತು ನೋಡಿ, "ನೀವು ಸಾಗರ, ಹೊಸನಗರದ ಕಡೆಯವರಲ್ಲವೇನ್ರೀ? ನಾನು ತೋಳು ಕೇಳಿದೆ. ನೀವು ಶರಾವತಿ ಹೊಳೆ ಬರ್ದಿದೀರಿ" ಎಂದರು. ಎಂಬತ್ತು ಜನ ನಕ್ಕರು. ಆವತ್ತಿನಿಂದ ಕೈಯಲ್ಲಿ ಪೆನ್ಸಿಲ್ ಹಿಡಿದರೂ ನಡುಕ.

ಅದರ ಬೆನ್ನಿಗೇ ಜ್ವರ ಬಂತು. ಹಾಂಕಾಂಗಿನಲ್ಲಿ ಶುರುವಾದ ಫ್ಲೂ ಹಡಗು ಹತ್ತಿ, ರೈಲು ಹತ್ತಿ, ಲೋಕವನ್ನೆಲ್ಲ ಸುತ್ತುತ್ತಿದೆ ಎಂದು ಪೇಪರಿನಲ್ಲಿ ಓದಿದ ಒಂದು ವಾರಕ್ಕೆ ಹಾಸ್ಟೆಲಿನ ಅರ್ಧ ಜನ ಮಲಗಿದರು. ದೊಡ್ಡ ತರಗತಿಯವರನ್ನೆಲ್ಲ ಆಸ್ಪತ್ರೆಗೆ ಕರೆಸಿಕೊಂಡರು. ಹಾಸ್ಟೆಲಿನ ಕೆಳಗಿನ ಸಾಲನ್ನೇ ವಾರ್ಡು ಮಾಡಿ, ನೋಡಿಕೊಳ್ಳುವ ಕೆಲಸವನ್ನು ಇನ್ನೂ ಹೆಣದ ಹೊರತು ಯಾರನ್ನೂ ಮುಟ್ಟಿರದ ಚಿಕ್ಕ ತರಗತಿಯವರಿಗೆ ವಹಿಸಿದರು. "ಧೈರ್ಯವಾಗಿರಿ, ನೀವು ನಾಳಿನ ವೈದ್ಯರು" ಎಂದು ವಾರ್ಡನ್ ಭಾಷಣ ಮಾಡಿದರು. ಮರುದಿನ ಅವರಿಗೇ ನೂರಾಮೂರು ಜ್ವರ.

ನಾಳಿನ ವೈದ್ಯರು ತಮ್ಮ ತಮ್ಮ ಧೈರ್ಯವನ್ನು ತಮಗೆ ತಿಳಿದ ರೀತಿಯಲ್ಲಿ ಹುಡುಕಿಕೊಂಡರು. ಸೀತಾರಾಮಪ್ಪನ ಕೋಣೆಯಲ್ಲಿದ್ದವನು ತೀರ್ಥಹಳ್ಳಿಯ ಹೂವಯ್ಯ, ದೊಡ್ಡ ಧ್ವನಿಯ ಗುಂಡುಗುಂಡಗಿನ ಹುಡುಗ. ಅವನು ಗಂಟೆಗೊಂದು ಸಲ ಉಪ್ಪುನೀರು ಮುಕ್ಕಳಿಸುತ್ತಿದ್ದ. ಆ ಸದ್ದಿಗೆ ಪಕ್ಕದ ಕೋಣೆಯವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ದಿನಕ್ಕೊಂದು ಕಾರ್ಡು ಮನೆಗೆ ಬರೆಯುತ್ತಿದ್ದ. ಪ್ರತಿಯೊಂದರಲ್ಲೂ "ಇದೇ ನನ್ನ ಕೊನೆಯ ಕಾಗದವಾದರೂ ಆಗಬಹುದು, ಯಾರೂ ಅಳಬೇಡಿ" ಎಂದಿರುತ್ತಿತ್ತು. ಅದರ ಕೆಳಗೆ, "ಹೋದ ಸಲದ ಹಲಸಿನ ಹಪ್ಪಳ ಮುಗಿದಿದೆ, ಇನ್ನೊಂದು ಕಟ್ಟು ಕಳಿಸಿ" ಎಂದೂ ಇರುತ್ತಿತ್ತು.

ಸೀತಾರಾಮಪ್ಪ ಬೇರೆ ದಾರಿ ಹಿಡಿದಿದ್ದ. ಅವನು ತನ್ನ ನಾಡಿಯನ್ನು ತಾನೇ ಎಣಿಸುತ್ತಿದ್ದ. ಬೆಳಿಗ್ಗೆ ಎದ್ದಾಗ, ಊಟಕ್ಕೆ ಮುಂಚೆ, ಊಟದ ಮೇಲೆ, ಮೆಟ್ಟಿಲು ಹತ್ತಿ, ಮೆಟ್ಟಿಲು ಇಳಿದು. ಎಪ್ಪತ್ತೆರಡು ಇದ್ದರೆ ಸಮಾಧಾನ. ಎಂಬತ್ತಾದರೆ ಹೆದರಿಕೆ. ಹೆದರಿದ್ದಕ್ಕೆ ತೊಂಬತ್ತು. ತೊಂಬತ್ತು ಕಂಡು ನೂರು.

"ಮಾರಾಯ, ನೀ ಎಣಿಸೋದು ನಿಲ್ಸಿದ್ರೆ ಅದು ತಾನಾಗೇ ಇಳೀತದೆ" ಎಂದು ಹೂವಯ್ಯ ಮುಕ್ಕಳಿಸುವುದರ ನಡುವೆ ಹೇಳುತ್ತಿದ್ದ.

"ಇಳೀತೋ ಇಲ್ವೋ ಅಂತ ಎಣಿಸದೆ ಹೆಂಗೆ ಗೊತ್ತಾಗ್ಬೇಕು?" ಎಂಬುದು ಸೀತಾರಾಮಪ್ಪನ ಪ್ರಶ್ನೆ. ಇದಕ್ಕೆ ಯಾವ ಪುಸ್ತಕದಲ್ಲೂ ಉತ್ತರವಿರಲಿಲ್ಲ.

ನಗುವ ಮಾತುಗಳ ಮಧ್ಯೆ ನಗಲಾಗದ್ದೊಂದು ನಡೆಯಿತು. ಹಾಸ್ಟೆಲಿನ ಅಡುಗೆಯವರಲ್ಲಿ ವಯಸ್ಸಾದವರೊಬ್ಬರಿದ್ದರು. ಮಲೆನಾಡಿನ ಹುಡುಗರಿಗೆ ಅನ್ನವೇ ಬೇಕೆಂದು ತಿಳಿದು, ರೊಟ್ಟಿಯ ದಿನವೂ ಸೀತಾರಾಮಪ್ಪನಿಗೆ ಒಂದು ಮುಷ್ಟಿ ಅನ್ನ ಮುಚ್ಚಿಡುತ್ತಿದ್ದರು. ಅವರಿಗೆ ಜ್ವರ ಬಂದ ಮೂರನೆಯ ಬೆಳಿಗ್ಗೆ ಸೀತಾರಾಮಪ್ಪನೇ ಥರ್ಮಾಮೀಟರ್ ಇಟ್ಟು ನೋಡಿ ಬರೆದುಕೊಂಡ. "ಎಷ್ಟೈತ್ರೀ ಡಾಕ್ಟ್ರೇ?" ಎಂದು ಅವರು ಕೇಳಿದರು. "ಕಡಿಮೆ ಆಗಿದೆ" ಎಂದ. ನಿಜವಾಗಿಯೂ ಕಡಿಮೆಯಾಗಿತ್ತು. ಸಂಜೆಯ ಹೊತ್ತಿಗೆ ಉಸಿರು ಕಟ್ಟಿತು. ಆಸ್ಪತ್ರೆಗೆ ಒಯ್ದರು. ಮರುದಿನ ಅವರು ಇಲ್ಲ ಎಂದು ಸುದ್ದಿ ಬಂತು. ನಿನ್ನದೇನೂ ತಪ್ಪಿಲ್ಲ ಎಂದು ದೊಡ್ಡ ಡಾಕ್ಟರರೇ ಹೇಳಿದರು. ಆದರೆ ತಮಾಷೆಗಲ್ಲದೆ ತನ್ನನ್ನು ಮೊದಲ ಸಲ ಡಾಕ್ಟ್ರೇ ಎಂದು ಕರೆದವರಿಗೆ ತಾನು ಹೇಳಿದ ಮಾತು ಅದೊಂದೇ ಎಂಬುದು ಅವನ ಮನಸ್ಸಿನಿಂದ ಹೋಗಲಿಲ್ಲ.

ಪರೀಕ್ಷೆಯನ್ನು ಮುಂದೆ ಹಾಕಿ, ಜ್ವರವಿಲ್ಲದವರನ್ನೆಲ್ಲ ಊರಿಗೆ ಕಳಿಸಿದರು. ಶಿವಮೊಗ್ಗದಲ್ಲಿ ಹೂವಯ್ಯ ತೀರ್ಥಹಳ್ಳಿಯ ಬಸ್ಸು ಹತ್ತಿ ಕಿಟಕಿಯಿಂದ, "ಬದುಕಿದ್ರೆ ಪರೀಕ್ಷೆಗೆ ಸಿಗಾಣ!" ಎಂದು ಇಡೀ ನಿಲ್ದಾಣಕ್ಕೆ ಕೇಳುವಂತೆ ಕೂಗಿದ. ಸೀತಾರಾಮಪ್ಪ ಕೈ ಬೀಸಿದ. ಹೊಸನಗರದ ಬಸ್ಸು ರಿಪ್ಪನ್‌ಪೇಟೆ ದಾಟುವ ಹೊತ್ತಿಗೆ ಅವನ ತೀರ್ಮಾನ ಆಗಿಹೋಗಿತ್ತು. ವಾಪಸು ಹೋಗುವುದಿಲ್ಲ. ಎಲ್ಲಾದರೂ ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರಾಗುವುದು. ಅಲ್ಲೂ ಸೀಮೆಸುಣ್ಣ ಹಿಡಿಯಬೇಕಾಗುತ್ತದೆ ಎಂಬುದು ಅವನಿಗೆ ಆಗ ಹೊಳೆಯಲಿಲ್ಲ.

ಮನೆಯಲ್ಲಿ ಇದನ್ನು ಹೇಳುವುದಕ್ಕೆ ಮೊದಲೇ ಊರಿಗೂ ಜ್ವರ ಬಂತು.

ಸಾಗರದ ಕಡೆ ಮಂಗನ ಕಾಯಿಲೆ ಬಂದು ಜನ ಸತ್ತದ್ದು ಎಲ್ಲರ ನೆನಪಿನಲ್ಲಿತ್ತು. ಜ್ವರ ಎಂದರೆ ಮೊದಲು ಕಾಡಿನ ಕಡೆ ನೋಡಿ ಎಲ್ಲಾದರೂ ಮಂಗ ಸತ್ತಿದೆಯೇ ಎಂದು ಕೇಳುವ ಕಾಲ. ಪಕ್ಕದ ಮನೆಯ ಹುಲಿಯಮ್ಮ, ಊರಿನ ಸುದ್ದಿಯನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ತಿರುಗುವವಳು, ಜಗಲಿಗೆ ಬಂದು ಕೇಳಿದಳು:

"ತಮಾ, ಇದು ಮಂಗನ್ ಕಾಯ್ಲೇನಾ?"

"ಅಲ್ಲ ಅತ್ತೆ. ಇದು ಹಾಂಕಾಂಗ್ ಜ್ವರ ಅಂತ."

"ಹಂಗ್‌ಹಂಗ್ ಜ್ವರನಾ?"

"ಹಾಂಕಾಂಗ್. ಅದೊಂದು ಊರು."

"ಆಯ್ತಪ್ಪ, ಹಂಗೇ."

ಸಂಜೆಯೊಳಗೆ ಊರಲ್ಲೆಲ್ಲ ಅದು ಹಂಗ್‌ಹಂಗ್ ಜ್ವರವಾಯಿತು. ಹೆಸರು ಕೇಳಿದ ಜನಕ್ಕೆ ಅರ್ಧ ಹೆದರಿಕೆ ಕಡಿಮೆಯಾಯಿತು. ಹಂಗ್‌ಹಂಗೇ ಬಂದದ್ದು ಹಂಗ್‌ಹಂಗೇ ಹೋಗುತ್ತದೆ ಎಂದುಕೊಂಡರು. ಹೆಚ್ಚಿನವರಿಗೆ ಹಾಗೆಯೇ ಹೋಯಿತು ಕೂಡ.

ಸೀತಾರಾಮಪ್ಪ ತನ್ನ ಥರ್ಮಾಮೀಟರ್ ಹಿಡಿದು ಮನೆಮನೆಗೆ ಹೋದ. ಬಿಸಿನೀರು ಕುಡಿಯಿರಿ, ಗಂಜಿ ಕುಡಿಯಿರಿ, ಗದ್ದೆಗೆ ಹೋಗಬೇಡಿ, ಮೇಲುಬ್ಬಸ ಬಂದರೆ ಕೂಡಲೇ ಹೊಸನಗರದ ಆಸ್ಪತ್ರೆಗೆ ಹೋಗಿ, ಇಷ್ಟನ್ನೇ ಹೇಳುತ್ತಿದ್ದ. ಅದಕ್ಕಿಂತ ಹೆಚ್ಚು ತನಗೆ ಗೊತ್ತಿಲ್ಲ ಎಂದೂ ಹೇಳುತ್ತಿದ್ದ. ಇದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾಲಿಗೆಯ ಕೆಳಗಿನ ಗಾಜಿನ ಕಡ್ಡಿಯೇ ಔಷಧಿ ಎಂದು ತಿಳಿದ ಹುಲಿಯಮ್ಮ, "ಇನ್ನೊಂದು ಗಳಿಗೆ ಬಿಡು ತಮಾ, ಒಳಗೆ ತಂಪು ಇಳೀತಾ ಐತೆ" ಎಂದು ಅವನ ಕೈ ತಳ್ಳುತ್ತಿದ್ದಳು. ಗುಣವಾದ ಮೇಲೆ ಅವಳೇ ಊರಲ್ಲಿ ಮಾತು ಹಬ್ಬಿಸಿದಳು: "ಇವ ಇಲ್ಲೀವರ್ಗೂ ಸತ್ತೋರ ಡಾಕ್ಟ್ರಂತೆ ಕಣ್ರೇ. ಬದ್ಕಿದ್ದೋರನ್ನ ನೋಡಿದ್ದು ಇದೇ ಮೊದ್ಲಂತೆ. ಆದ್ರೂ ಪರ್ವಾಗಿಲ್ಲ."

ನಾಲ್ಕನೆಯ ದಿನ ಅವನ ತಾಯಿ ವಿಶಾಲಮ್ಮ ಮಲಗಿದಳು. ಅಲ್ಲಿಗೆ ಸೀತಾರಾಮಪ್ಪನ ಧೈರ್ಯವೆಲ್ಲ ಮುಗಿಯಿತು. ಅಡುಗೆಯವರ ಮುಖ ಕಣ್ಣ ಮುಂದೆ ಬಂತು. ಕಾಲುಗಂಟೆಗೊಮ್ಮೆ ಬಂದು ಅಮ್ಮನ ಕೈ ಹಿಡಿಯುವುದು, ನಾಡಿ ಎಣಿಸುವುದು, ಉಸಿರಿಗೆ ಕಿವಿ ಕೊಡುವುದು, ಹೊರಗೆ ಹೋಗಿ ತನ್ನ ನಾಡಿ ಎಣಿಸುವುದು, ಮತ್ತೆ ಬರುವುದು. ಎರಡನೆಯ ಮಧ್ಯಾಹ್ನ ವಿಶಾಲಮ್ಮ ಕಂಬಳಿಯೊಳಗಿಂದ ಕೂಗಿದಳು:

"ಅತ್ತೇ, ಈ ಹುಡುಗನ್ನ ಸ್ವಲ್ಪ ಆಚೆ ಕರ್ಕೊಳಿ. ಜ್ವರ ಹೆಂಗಾದ್ರೂ ತಡ್ಕೊಳ್ತೀನಿ, ಇವ್ನನ್ನ ತಡ್ಕೊಳಾಕ್ಕಾಗಲ್ಲ. ಕಣ್ಣು ಮುಚ್ಚೋದ್ರೊಳಗೆ ಎಬ್ಬಿಸ್ತಾನೆ."

ಅತ್ತೆ ಎಂದರೆ ಸೀತಾರಾಮಪ್ಪನ ಅಜ್ಜಿ ಕೆರಿಯಮ್ಮ. ಕೆಳದಿಯ ಕಡೆಯಿಂದ ಮದುವೆಯಾಗಿ ಬಂದವಳು. ಚಿತ್ತಾರ ಬರೆಯುವುದರಲ್ಲಿ ಸುತ್ತಿನ ನಾಲ್ಕೂರಿಗೆ ಅವಳದೇ ಕೈ. ಮದುವೆಮನೆಯ ಗೋಡೆಗೆ ಹಸೆ ಬರೆಯುವುದಕ್ಕೂ, ಭೂಮಿ ಹುಣ್ಣಿಮೆಗೆ ಬುಟ್ಟಿ ಬರೆಯುವುದಕ್ಕೂ ಜನ ಅವಳನ್ನೇ ಕರೆಯುತ್ತಿದ್ದರು. ಎರಡು ವರ್ಷದಿಂದ ಕಣ್ಣು ಮಂಜಾಗಿ, ಅವಳು ಹೇಳುವುದು, ಸೊಸೆ ಬರೆಯುವುದು ಎಂದಾಗಿತ್ತು. ಈಗ ಹುಣ್ಣಿಮೆಗೆ ಐದೇ ದಿನ. ಪೈರಿಗೆ ತೆನೆ ಕಟ್ಟುವ ಹೊತ್ತು ಭೂಮಿತಾಯಿ ಬಸುರಿ ಎಂದು ಬಯಕೆಯ ಊಟವನ್ನು ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಒಯ್ಯುವ ಹಬ್ಬ. ಆ ಭೂಮಣ್ಣಿ ಬುಟ್ಟಿಗೆ ಸಗಣಿ ಸಾರಿಸಿ ಕೆಮ್ಮಣ್ಣು ಬಳಿದು ಒಣಗಿಸಿದ್ದಾಗಿತ್ತು. ಅದರ ಮೇಲೆ ಬಿಳಿ ಗೆರೆಯ ಎಳೆ ಬರೆಯುವವಳು ಕಂಬಳಿ ಹೊದ್ದು ಮಲಗಿದ್ದಳು.

ಅಜ್ಜಿ ಮೊಮ್ಮಗನನ್ನು ಹುಡುಕಿಕೊಂಡು ಜಗಲಿಗೆ ಬಂದಾಗ ಅವನು ನೆಲದ ಮೇಲೆ ಬಗ್ಗಿ ಇದ್ದಿಲ ಚೂರಿನಿಂದ ಏನೋ ಗೀಚುತ್ತಿದ್ದ. ಓದು ಬೇಡವೆಂದು ಬಿಟ್ಟು ಬಂದವನಿಗೆ ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಕೂತಲ್ಲಿ, ನಿಂತಲ್ಲಿ ಅದೇ ನರದ ಜಾಲ. ಅಜ್ಜಿ ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿ ನೋಡಿದಳು.

"ಇದೆಂತದ ಹಸೆ ಮಾರಾಯ? ಯಾರ ಮನೇದು?"

"ಹಸೆ ಅಲ್ಲ ಅಜ್ಜಿ. ತೋಳಿನ ನರ. ನಮ್ಮ ಪಾಠದ್ದು."

ಅಜ್ಜಿಗೆ ಆ ಉತ್ತರ ಬೇಕಾಗಿರಲಿಲ್ಲ. ಬೆರಳಿಟ್ಟು ಎಣಿಸತೊಡಗಿದ್ದಳು. "ಐದು... ಮೂರು... ಆರು... ಮೂರು... ಐದು." ಕೂತಳು. "ಐದ್ರಲ್ಲಿ ಹೊರಟು ಐದ್ರಲ್ಲಿ ಬಂದು ನಿಂತೈತೆ. ಲೆಕ್ಕ ಚಂದ ಐತೆ. ಬರೆದೋನ ಕೈ ಮಾತ್ರ ಸುಮಾರು."

"ನಾನೇ ಬರೆದಿದ್ದು."

"ಅದಕ್ಕೇ ಹೇಳಿದ್ದು."

ಅಪ್ಪನಿಗೆ ಹೇಳಲಾಗದ್ದು, ಹೂವಯ್ಯನಿಗೂ ಹೇಳದ್ದು, ಅಲ್ಲಿ ಇದ್ದಿಲ ಮಸಿಯ ಕೈಯಲ್ಲಿ ಕೂತು ಬಾಯಿಗೆ ಬಂತು.

"ಅಜ್ಜಿ, ನಾನು ವಾಪಸ್ ಹೋಗಲ್ಲ."

"ಎಲ್ಲಿಗೆ?"

"ಕಾಲೇಜಿಗೆ. ಕೈ ನಡುಗ್ತದೆ. ಬೋರ್ಡ್ ಮುಂದೆ ನಡುಗ್ತದೆ, ಮಂದಿ ಮುಂದೆ ನಡುಗ್ತದೆ. ನಡುಗೋ ಕೈಯಲ್ಲಿ ಡಾಕ್ಟ್ರಾಗಿ ಎಂತ ಮಾಡ್ಲಿ? ಅಲ್ಲೊಬ್ರು ಸತ್ತೇ ಹೋದ್ರು, ನಾನು ನೋಡ್ತಾ ನಿಂತಿದ್ದೆ."

ಅಜ್ಜಿ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಅವ್ರಿಗೆ ಮಕ್ಳಿದ್ರಾ?" ಎಂದು ಕೇಳಿದಳು.

"ಇಬ್ರು."

"ಅಯ್ಯೋ." ಆಮೇಲೆ ಎದ್ದು ಒಳಗಿನಿಂದ ಬುಟ್ಟಿ, ಅಕ್ಕಿ ರುಬ್ಬಿದ ಬಿಳಿಯ ಹಿಟ್ಟಿನ ಬಟ್ಟಲು, ಕುಂಚದಂತೆ ಬಳಸುವ ಪುಂಡಿ ನಾರಿನ ಕಡ್ಡಿ ತಂದು ಅವನ ಮುಂದಿಟ್ಟಳು. "ಹೋಗೋದು ಬಿಡೋದು ಆಮೇಲೆ ನೋಡಾಣ. ಬುಟ್ಟಿ ಮುಗ್ಸು. ನಿಮ್ಮಮ್ಮ ಒಂದು ಗಳಿಗೆ ನಿದ್ದೆ ಮಾಡ್ಲಿ."

"ಅಜ್ಜಿ, ಇದು ಹೆಂಗಸ್ರ ಕೆಲಸ!"

"ಹೆಣ ಕೊಯ್ದೋನು ಬುಟ್ಟಿಗೆ ಹೆದರ್ತೀಯಾ? ಹಿಡಿ ಕಡ್ಡಿ."

ಹಿಡಿದ. ಕೈ ನಡುಗಿತು. ಮೊದಲ ಹನಿ ಕೆಮ್ಮಣ್ಣಿನ ಮೇಲೆ ತೊಟ್ಟಿಕ್ಕಿ ಹರಿಯಿತು. ಅಜ್ಜಿ ಒದ್ದೆ ಬಟ್ಟೆಯಿಂದ ಒರೆಸಿದಳು.

"ಎಲ್ಲಿಂದ ಸುರು ಮಾಡ್ದೆ?"

"ನಡುವಿಂದ."

"ಅಲ್ಲೇ ನೋಡು ತಪ್ಪಿದ್ದು. ಅಂಚು ಎಲ್ಲಿ? ಮೊದ್ಲು ಸುತ್ತ ಅಂಚಿನ ಎಳೆ ಹಾಕ್ಬೇಕು. ಅಂಚಿಲ್ದೆ ಹೊರಟ್ರೆ ಕೈ ನಡುಗದೆ ಇನ್ನೆಂತ ಮಾಡ್ತದೆ? ಎಲ್ಲಿ ನಿಲ್ಬೇಕು ಅಂತ ಅದಕ್ಕೇ ಗೊತ್ತಿಲ್ವಲ್ಲ." ಅವನ ಮೊಣಕೈಯನ್ನು ಹಿಡಿದು ಮೊಣಕಾಲಿಗೆ ಊರಿಸಿದಳು. "ಉಸಿರು ತಗೋ. ಎಳೆ ಮುಗ್ಯೋವರ್ಗೂ ಬಿಡ್ಬೇಡ. ಕಡ್ಡಿ ನೋಡ್ಬೇಡ, ಎಲ್ಲಿಗೆ ಹೋಗ್ಬೇಕೋ ಅಲ್ಲಿ ನೋಡು. ಹ್ಞೂ, ಎಳಿ."

ಎಳೆದ. ಸೊಟ್ಟಗಾಯಿತು.

"ಒರೆಸ್ಲಾ?"

"ಸೊಟ್ಟ ಆಗಿದ್ದನ್ನ ಒರೆಸ್ತಾ ಕೂತ್ರೆ ಹುಣ್ಣಿಮೆ ಮುಗ್ದೇ ಹೋಗ್ತದೆ. ಪಕ್ಕದಲ್ಲಿ ಇನ್ನೊಂದೆಳೆ ಎಳಿ. ಜೋಡಿ ಆದ್ರೆ ಸೊಟ್ಟನೂ ಬೇಕು ಅಂತ್ಲೇ ಎಳ್ದಂಗೆ ಕಾಣ್ತದೆ."

ಆ ಮಧ್ಯಾಹ್ನ ಅಂಚೊಂದೇ ಮುಗಿಯಿತು. ಮರುದಿನ ಬೆಳಿಗ್ಗೆ ಬುಟ್ಟಿಯ ಹೊಟ್ಟೆಗೆ ಏನು ಬರೆಯುವುದು ಎಂದು ಕೇಳಿದಾಗ ಅಜ್ಜಿ, "ನಿನ್ನದೇ ಬರಿ. ಐದು, ಮೂರು, ಆರು" ಎಂದಳು. ಹೀಗೆ ಮನುಷ್ಯನ ತೋಳಿನ ನರಗಳು ಭೂಮಣ್ಣಿ ಬುಟ್ಟಿಯನ್ನು ಏರಿದವು. ಒಂದು ಸುತ್ತು ಬರೆದು ಮುಗಿಸಿದ ಮೇಲೆ ಎರಡನೆಯದು, ಮೂರನೆಯದು. ನಾಲ್ಕನೆಯದನ್ನು ಬರೆಯುವಾಗ ಅವನಿಗೆ ಥಟ್ಟನೆ ನೆನಪಾಯಿತು: ಬೆಳಗಿನಿಂದ ನಾಡಿಯನ್ನೇ ಎಣಿಸಿಲ್ಲ. ಕಡ್ಡಿ ಕೆಳಗಿಟ್ಟು ಎಣಿಸಲು ಹೊರಟ. ಅಜ್ಜಿ, "ಹಿಟ್ಟು ಒಣಗ್ತದೆ" ಎಂದಳು. ಕಡ್ಡಿ ಎತ್ತಿಕೊಂಡ.

ಒಳಗೆ ವಿಶಾಲಮ್ಮ ಗೊರಕೆ ಹೊಡೆಯುತ್ತಿದ್ದಳು. ಅಂಥ ಚೆಂದದ ಉಸಿರಾಟವನ್ನು ಸೀತಾರಾಮಪ್ಪ ಎಂದೂ ಕೇಳಿರಲಿಲ್ಲ.

ಹುಲಿಯಮ್ಮ ಬಂದಳು. ಗಂಡಸು ಬುಟ್ಟಿ ಬರೆಯುವುದನ್ನು ಕಂಡು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. "ಕೆರಿಯಮ್ಮಾ, ಮೊಮ್ಮಗನ್ನ ಕೊಟ್ಟು ಸೊಸೆ ತಂದ್ಯಾ? ಡಾಕ್ಟ್ರು ಕಲಿತಾನಂತ ಕಳ್ಸಿದ್ರೆ ಚಿತ್ತಾರ ಕಲ್ತು ಬಂದಾನಲ್ಲೇ!" ಎಂದವಳು ಬುಟ್ಟಿಯ ಹತ್ತಿರ ಬಂದು ಬಗ್ಗಿದಳು. ಎಣಿಸಿದಳು. ಮತ್ತೆ ಎಣಿಸಿದಳು. "ಇದು ಯಾವ ಎಳೆ? ನಾ ನೋಡೇ ಇಲ್ಲ."

ಸೀತಾರಾಮಪ್ಪ ನಿಜ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಜ್ಜಿ ಎಲೆಯಡಿಕೆ ಒಂದು ಕಡೆ ಒತ್ತರಿಸಿಕೊಂಡು, "ನಿಂಗೆಲ್ಲಿ ಗೊತ್ತಾಗ್ಬೇಕು? ನನ್ ತೌರುಮನೇದು. ಕೆಳದಿ ಎಳೆ. ರಾಜರ ಕಾಲದ್ದು" ಎಂದಳು.

"ಹೌದಾ?"

"ಸುಳ್ಳು ಹೇಳ್ತೀನಾ?"

ಹೇಳುತ್ತಿದ್ದಳು. ಆದರೆ ಅಷ್ಟು ನೇರವಾದ ಎಳೆಯಂತೆ ಹೇಳಿದ ಸುಳ್ಳಿಗೆ ಎದುರಾಡುವುದು ಹೇಗೆ? ಹುಲಿಯಮ್ಮ ಮನೆಗೆ ಓಡಿ ತನ್ನ ಬುಟ್ಟಿ ತಂದಳು. ಹುಣ್ಣಿಮೆಯ ಬೆಳಗಿನ ಜಾವ ಮಾವಿನಜಡ್ಡಿನ ಗದ್ದೆಗಳಿಗೆ ಇಳಿದ ಹತ್ತು ಬುಟ್ಟಿಗಳಲ್ಲಿ ಆರರ ಮೇಲೆ ಕೆಳದಿ ಎಳೆ ಇತ್ತು. ಜ್ವರ ಬಿಟ್ಟೆದ್ದ ವಿಶಾಲಮ್ಮ ನಿಧಾನವಾಗಿ ನಡೆದು ಬಂದು ಬದುವಿನ ಮೇಲೆ ನಿಂತಳು. ಬುಟ್ಟಿ ಹೊತ್ತ ಮಾಸ್ತಪ್ಪನಿಗೆ ತಾನು ತಲೆಯ ಮೇಲೆ ಮಗನ ಪರೀಕ್ಷೆಯ ಪಾಠವನ್ನು ಹೊತ್ತಿದ್ದೇನೆಂದು ಗೊತ್ತಿರಲಿಲ್ಲ.

ಮರುದಿನ ಹೂವಯ್ಯನ ಕಾರ್ಡು ಬಂತು. "ಜ್ವರ ಬಂದಿತ್ತು. ಸಾಯಲಿಲ್ಲ. ಆದ್ದರಿಂದ ಪರೀಕ್ಷೆಗೆ ಹೋಗಲೇಬೇಕಾಗಿದೆ. ನವೆಂಬರ್ ಹನ್ನೊಂದು. ನೀನು ಬಾರದಿದ್ದರೆ ಫೇಲಾಗುವವನು ನಾನೊಬ್ಬನೇ ಆಗುತ್ತೇನೆ, ಸ್ನೇಹಿತನಿಗೆ ಹಾಗೆ ಮಾಡಬೇಡ."

ಸೀತಾರಾಮಪ್ಪ ಕಾರ್ಡನ್ನು ಅಜ್ಜಿಗೆ ಓದಿ ಹೇಳಿದ. ಅಜ್ಜಿ ನಕ್ಕಳು. ಹೋಗು ಎನ್ನಲಿಲ್ಲ. ಅಂದು ಸಂಜೆ ಅವನ ಟ್ರಂಕಿನಲ್ಲಿ, ಪುಸ್ತಕಗಳ ಸಂದಿಯಲ್ಲಿ, ಪುಂಡಿ ನಾರಿನ ಒಂದು ಕಡ್ಡಿ ಇತ್ತು. ಅಪ್ಪನಿಗೆ ಅವನು ಹೇಳಬೇಕೆಂದಿದ್ದ ಮಾತನ್ನು ಹೇಳದೆ, "ಶುಕ್ರವಾರದ ಬಸ್ಸಿಗೆ ಹೋಗ್ತೀನಿ ಅಪ್ಪಯ್ಯ" ಎಂದ. ಮಾಸ್ತಪ್ಪ, "ಕಂಡಕ್ಟ್ರಿಗೆ ಹೇಳಿರ್ತೀನಿ" ಎಂದ.

ಪರೀಕ್ಷೆಗೆ ಉಳಿದಿದ್ದ ಒಂದು ತಿಂಗಳಲ್ಲಿ ಹಾಸ್ಟೆಲಿನ ಹಳೆಯ ಪೇಪರುಗಳೆಲ್ಲ ಅಂಚು ಕಂಡವು. ಹೂವಯ್ಯ ಮುಕ್ಕಳಿಸುವುದನ್ನು ಬಿಟ್ಟು ಅವನ ಪಕ್ಕದಲ್ಲಿ ಕೂತು ತಾನೂ ಎಳೆದ. "ಪುಸ್ತಕ ಓದಿದ್ರೆ ಎದೆ ಹೊಡ್ಕೊಳ್ತದೆ, ಇದಾದ್ರೆ ಹಸಿವಾಗ್ತದೆ" ಎಂದು ಇನ್ನೊಂದು ಹಪ್ಪಳ ಮುರಿದ. ಮುಚ್ಚಿಟ್ಟ ಅನ್ನ ಈಗ ಇರಲಿಲ್ಲ. ರೊಟ್ಟಿಯ ದಿನ ಊಟದ ಮನೆಗೆ ಹೋದಾಗ ಸೀತಾರಾಮಪ್ಪನ ಕೈ ನಡುಗುತ್ತಿತ್ತು. ಅದು ನಿಲ್ಲಲಿಲ್ಲ. ಆದರೆ ಕೈ ನಡುಗಿದರೂ ತುತ್ತು ಬಾಯಿಗೆ ಹೋಗುತ್ತದೆ ಎಂಬುದನ್ನು ಅವನು ಗಮನಿಸಿದ.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಇನ್ನೂ ಫ್ಲೂವಿಗೆ ಹೆದರಿ ಮೂಗಿಗೆ ಕರ್ಚೀಫು ಹಿಡಿದು ಕೂತಿದ್ದರು. ಪಕ್ಕದಲ್ಲಿ ಶರಾವತಿಯ ಮೇಷ್ಟ್ರು. ಸೀಮೆಸುಣ್ಣ ಕೈಗೆ ಬಂತು. ಅದೇ ಪ್ರಶ್ನೆ.

ಸೀತಾರಾಮಪ್ಪ ಬೋರ್ಡಿನ ಮುಂದೆ ನಿಂತು ಉಸಿರು ತೆಗೆದುಕೊಂಡ. ಮೊದಲು ಮೇಲೊಂದು ಗೆರೆ ಎಳೆದ. ಆಮೇಲೆ ಎಡಕ್ಕೆ, ಬಲಕ್ಕೆ, ಕೆಳಕ್ಕೆ. ಪರೀಕ್ಷಕರು ಕರ್ಚೀಫು ಇಳಿಸಿದರು.

"ಏನ್ರೀ ಇದು? ಲಗ್ನಪತ್ರಿಕೆಯೇ?"

"ಅಂಚು ಸರ್."

"ನಾನು ನರ ಕೇಳಿದೆ."

"ಬರ್ತಾ ಇದೆ ಸರ್."

ಬಂತು. ಐದು, ಮೂರು, ಆರು, ಮೂರು. ಉಸಿರು ಕಟ್ಟಿ ಎಳೆದ ಒಂದೊಂದು ಗೆರೆಯೂ ಹೋಗಬೇಕಾದಲ್ಲಿಗೆ ಹೋಗಿ ನಿಂತಿತು. ಕೊನೆಯ ಐದರಲ್ಲಿ ನಾಲ್ಕು ಮುಗಿದವು. ಐದನೆಯದು, ಕಿರುಬೆರಳಿನ ಕಡೆ ಇಳಿಯುವ ನರ, ಅರ್ಧಕ್ಕೆ ಬಂದಾಗ ಮೇಷ್ಟ್ರು ಕೆಮ್ಮಿದರು. ಕೈ ಜಾರಿತು. ಗೆರೆ ಸೊಟ್ಟಗಾಯಿತು. ಒರೆಸುವ ಬಟ್ಟೆ ಅಲ್ಲೇ ಇತ್ತು. ಆದರೆ ಅವನ ಕೈ ಅವನನ್ನು ಕೇಳಲಿಲ್ಲ. ಅಜ್ಜಿ ಹೇಳಿದ್ದನ್ನು ಮಾಡಿಬಿಟ್ಟಿತು. ಪಕ್ಕದಲ್ಲೇ ಇನ್ನೊಂದೆಳೆ ಎಳೆಯಿತು.

ಪರೀಕ್ಷಕರು ಎದ್ದು ಬೋರ್ಡಿನ ಹತ್ತಿರ ಬಂದರು. "ಐದಿರಬೇಕು. ಆರಿವೆ. ನಿಮ್ಮ ಕಡೆ ಜನರಿಗೆ ಒಂದು ನರ ಹೆಚ್ಚೇನ್ರೀ?"

ಸೀತಾರಾಮಪ್ಪನ ಕಿವಿಯಲ್ಲಿ ನಾಡಿ ಬಡಿಯುತ್ತಿತ್ತು. ಎಣಿಸಿದ್ದರೆ ನೂರಿಪ್ಪತ್ತಾದರೂ ಇರುತ್ತಿತ್ತು. ಎಣಿಸಲಿಲ್ಲ. ಆ ಎರಡು ಗೆರೆಗಳನ್ನು ನೋಡಿದ. ಕಂಕುಳಿನಲ್ಲಿ ಆ ನರದ ಪಕ್ಕ ಏನಿರುತ್ತದೆ ಎಂದು ನೆನಪಿಸಿಕೊಂಡ.

"ಅದು ನರ ಅಲ್ಲ ಸರ್. ರಕ್ತನಾಳ. ಕಂಕುಳಿನ ಅಪಧಮನಿ."

"ಓಹೋ! ಹಾಗಾದರೆ ನರ ಅದರ ಯಾವ ಕಡೆಗಿರುತ್ತೆ?"

"ಒಳಬದಿಗೆ ಸರ್. ಅದರಾಚೆ ಅಭಿಧಮನಿ." ಎಂದವನೇ, ಯಾರೂ ಕೇಳದಿದ್ದರೂ, ಅದನ್ನೂ ಒಂದೆಳೆ ಎಳೆದು ತೋರಿಸಿದ.

ಪರೀಕ್ಷಕರು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ತಮ್ಮ ಬೂಟು ನೋಡಿಕೊಂಡರು. "ಸಾಕು ಹೋಗಿ. ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ಮೂಲೆಗೆ ಕಳಸವನ್ನೂ ಬರೀತೀರಿ" ಎಂದರು ಪರೀಕ್ಷಕರು. ಅವರ ಕರ್ಚೀಫು ಮೇಜಿನ ಮೇಲೆ ಮರೆತುಹೋಗಿತ್ತು.

ಫಲಿತಾಂಶ ಬಂದದ್ದು ಸಂಕ್ರಾಂತಿಯ ಹೊತ್ತಿಗೆ. ಸೀತಾರಾಮಪ್ಪ ಪಾಸು. ಹೂವಯ್ಯನೂ ಪಾಸು, ಅದನ್ನು ಅವನು ತನ್ನ ಕೊನೆಯ ಕಾಗದಗಳಲ್ಲೊಂದರಲ್ಲಿ ಮನೆಗೆ ತಿಳಿಸಿದ. ನಾಲ್ಕು ದಿನದ ರಜೆಗೆ ಊರಿಗೆ ಬಂದ ಸೀತಾರಾಮಪ್ಪ ಜಗಲಿಯಲ್ಲಿ ಕೂತು ಅಜ್ಜಿಗೆ ಎಲ್ಲವನ್ನೂ ಹೇಳಿದ. ಅಂಚು ಹಾಕಿದ್ದು, ಲಗ್ನಪತ್ರಿಕೆಯ ಮಾತು, ಸೊಟ್ಟ ಗೆರೆ, ಪಕ್ಕದ ಎಳೆ, ಆರನೆಯ ನರ.

ಅಜ್ಜಿ ಬಾಯಿ ಬಿಟ್ಟು ಕೇಳುತ್ತಿದ್ದವಳು ಕೊನೆಗೆ ಹಣೆ ಬಡಿದುಕೊಂಡಳು.

"ಅಯ್ಯೋ ಪೆದ್ದೇ! ಪಕ್ಕದಲ್ಲಿ ಇನ್ನೊಂದೆಳೆ ಎಳಿ ಅಂದಿದ್ದು ಬುಟ್ಟಿಗಲ್ವನಾ? ಮನುಷ್ಯನ ತೋಳಿಗೆ ಹೇಳಿದ್ನಾ ನಾನು?"

ಹಾಗೆ ಹೇಳಿದವಳು ಅವನ ಬಲಗೈ ಎಳೆದುಕೊಂಡು, ಭುಜದಿಂದ ಕಿರುಬೆರಳಿನವರೆಗೆ ತನ್ನ ಒರಟು ಬೆರಳಿನಿಂದ ಒಂದೇ ಸಮನೆ, ಉಸಿರು ಬಿಡದೆ ತಡವಿ ನೋಡಿದಳು.

"ನಡುಗ್ತಾ ಐತಲ್ಲ ಇನ್ನೂ."

"ಸ್ವಲ್ಪ ಅಜ್ಜಿ."

"ಇರ್ಲಿ ಬಿಡು" ಎಂದು ಅಜ್ಜಿ ಕೈಯನ್ನು ತಿರುಗಿಸಿ, ಎಲೆಯಡಿಕೆಯ ತಟ್ಟೆಯನ್ನು ಅದರ ಮೇಲಿಟ್ಟಳು. "ಎಲೆಗೆ ಚೂರು ಸುಣ್ಣ ಸವರು ನೋಡಾಣ. ಅಂಚಿಗೆ ತಾಗದಂಗೆ."